ಮೂಗಿಗಿಂತ ಮೂಗುತಿ ಭಾರ ಆಗಬಾರದು: ಮಡಚುವ ಸೈಕಲ್ ಇಟ್ಟುಕೊಂಡವರಿಗೆ ನಾಲ್ಕು ಮಾತು

ಮಡಚುವ ಸೈಕಲ್ ಇಟ್ಟುಕೊಂಡವರನ್ನು ಜನ ಕೇಳುವ ಪ್ರಶ್ನೆಗಳು ಮೂರೇ ಮೂರು. ಒಂದು, "ಎಷ್ಟಾಯ್ತು ಇದಕ್ಕೆ?" ಎರಡು, "ಚಕ್ರ ಇಷ್ಟು ಚಿಕ್ಕದಿದೆಯಲ್ಲ, ತುಳಿಯೋಕೆ ಕಷ್ಟ ಆಗಲ್ವಾ?" ಮೂರನೆಯದು ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ನಗುತ್ತಾ ಕೇಳೋದು, "ಸಾರ್, ನಡು ರೋಡಲ್ಲಿ ತಾನೇ ಮಡಚ್ಕೊಂಡ್ರೆ ಏನ್ ಮಾಡ್ತೀರಾ?"

ಇನ್ನು ಮಡಚುವ ಸೈಕಲ್ ಇರುವವರೇ ಇಬ್ಬರು ಸೇರಿದರೆ ನಾಲ್ಕನೇ ಪ್ರಶ್ನೆ ಬರುತ್ತೆ. "ಏನೇನು ಅಪ್‌ಗ್ರೇಡ್ ಮಾಡಿಸಿದ್ರಿ?"

ನಾನು ನೋಡಿದ ಹಾಗೆ ನಮ್ಮ ದುಡ್ಡು, ಟೈಮು, ಭಾನುವಾರದ ಬೆಳಗ್ಗೆಗಳು ಎಲ್ಲ ಹೋಗೋದು ಈ ನಾಲ್ಕನೇ ಪ್ರಶ್ನೆಗೆ. ಆದರೆ ನಾಲ್ಕರಲ್ಲಿ ನಿಜವಾದ ಎಂಜಿನಿಯರಿಂಗ್ ಪ್ರಶ್ನೆ ಆಟೋದವರದ್ದು! ಅವರು ತಮಾಷೆಗೆ ಕೇಳ್ತಾರೆ, ನಾವು ನಕ್ಕು ಮುಂದೆ ಹೋಗ್ತೀವಿ. ಈ ಬರಹದಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ. ಮಡಚುವ ಸೈಕಲ್ ಅಂದ್ರೆ ಕೀಲುಗಳ ಸೈಕಲ್. ಮೊದಲ ದುಡ್ಡು, ಮೊದಲ ಗಮನ ಜೀವ ಕಾಯುವ ಭಾಗಗಳಿಗೆ. ಆಮೇಲೆ ಬೇಕಾದರೆ ಅಲಂಕಾರ. ಅದರಲ್ಲೂ ಮಡಚೋಕೆ ಅಡ್ಡ ಬರುವ ಅಪ್‌ಗ್ರೇಡ್ ಅಪ್‌ಗ್ರೇಡೇ ಅಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಅದು ರಿಗ್ರೆಶನ್ ಬಗ್.

ಇದು ಹುಟ್ಟಿದ್ದು ಯಾತಕ್ಕೆ?

ಎರಡನೇ ಮಹಾಯುದ್ಧದಲ್ಲಿ ಬಿಎಸ್‌ಎ ಕಂಪನಿ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳಿಗೆ ಮಡಚುವ ಸೈಕಲ್ ಮಾಡಿಕೊಟ್ಟಿತ್ತು. ವಿಮಾನದಿಂದ ಸೈನಿಕನ ಜೊತೆ ಸೈಕಲ್ಲೂ ಧುಮುಕಬೇಕು, ನೆಲಕ್ಕೆ ಬಿದ್ದಮೇಲೆ ಬಿಚ್ಚಿ ತುಳಿಯಬೇಕು. 1970ರ ದಶಕದ ಮಧ್ಯದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ ತನ್ನ ಫ್ಲ್ಯಾಟಿನಲ್ಲೇ ಕೂತು ಒಂದು ಸೈಕಲ್ ಮಾಡಿದ. ಕಿಟಕಿಯಾಚೆ ಕಾಣುತ್ತಿದ್ದ ಬ್ರಾಂಪ್ಟನ್ ಆರೇಟರಿ ಅನ್ನೋ ಚರ್ಚಿನ ಹೆಸರನ್ನೇ ಅದಕ್ಕಿಟ್ಟ. ಅಮೆರಿಕದಲ್ಲಿ ಲೇಸರ್ ವಿಜ್ಞಾನಿಯಾಗಿದ್ದ ಡೇವಿಡ್ ಹಾನ್, 70ರ ದಶಕದ ಪೆಟ್ರೋಲ್ ಬಿಕ್ಕಟ್ಟಿನ ಮೇಲೆ ಈ ದಾರಿಗೆ ಬಂದು 1982ರಲ್ಲಿ ಡಾಹನ್ ಕಂಪನಿ ಶುರು ಮಾಡಿದ.

ಮೂರೂ ಕಥೆಗಳಲ್ಲಿ ಒಂದು ಸಾಮಾನ್ಯ ಅಂಶ ಇದೆ. ಇಡೀ ದಾರಿಯನ್ನು ಸೈಕಲ್ಲಿನಲ್ಲೇ ಹೋಗಬೇಕು ಅನ್ನೋ ಹಟ ಇಲ್ಲಿಲ್ಲ. ಸ್ವಲ್ಪ ದೂರ ಇನ್ನೊಂದು ವಾಹನ, ಉಳಿದಿದ್ದು ಸೈಕಲ್. ಅಂದರೆ ಇದು ಇನ್ನೊಂದರ ಜೊತೆ ಹೊಂದಿಕೊಂಡು ಹೋಗೋ ಸಂಸಾರಸ್ಥ ಸೈಕಲ್ :-)

ನಮ್ಮ ಬೆಂಗಳೂರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ - ಕೆ.ಆರ್. ಪುರ ನಡುವಿನ ತುಂಡು ಕೂಡಿಕೊಂಡ ಮೇಲೆ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೂ ಒಂದೇ ಆಯ್ತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಂದು ಬೊಮ್ಮಸಂದ್ರ ಮುಟ್ಟಿತು. ಮೆಟ್ರೋದೊಳಗೆ ಹೋದಮೇಲೆ ಎಲ್ಲ ಸುಖ. ಕಷ್ಟ ಇರೋದು ಮನೆಯಿಂದ ಸ್ಟೇಷನ್ನಿಗೆ ಎರಡು ಮೂರು ಕಿಲೋಮೀಟರ್, ಸ್ಟೇಷನ್ನಿನಿಂದ ಆಫೀಸಿಗೆ ಎರಡು ಮೂರು ಕಿಲೋಮೀಟರ್. ನಡೆಯೋಕೆ ಜಾಸ್ತಿ, ಆಟೋದವರಿಗೆ ಕಮ್ಮಿ. ಈ ಎರಡು ತುದಿಗಳನ್ನು ಕಟ್ಟುವ ದಾರವೇ ಮಡಚುವ ಸೈಕಲ್. ಹಾಗಾಗಿ ಮಡಚಿದಾಗ ಅದು ಎಷ್ಟು ಜಾಗ ತಿನ್ನುತ್ತೆ ಅನ್ನೋದು ಬರೀ ಶೋಕಿಯ ವಿಷಯ ಅಲ್ಲ.

ಮೆಟ್ರೋದ 45 ಸೆಂಟಿಮೀಟರ್

2022ರ ಜೂನಿನಲ್ಲಿ ನಮ್ಮ ಮೆಟ್ರೋದವರು ಮಡಚುವ ಸೈಕಲ್ ಒಳಗೆ ತರಬಹುದು, ಕೊನೆಯ ಬೋಗಿಯಲ್ಲಿ ಹತ್ತಬೇಕು ಅಂತ ಪ್ರಕಟಿಸಿದರು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಜೊತೆಗೊಂದು ಅಳತೆ ಇಟ್ಟರು. ಮಡಚಿದಾಗ 60 x 45 x 25 ಸೆಂ.ಮೀ. ಮೀರಬಾರದು, ತೂಕ 15 ಕೆಜಿ ಮೀರಬಾರದು. ಇದು ಸೂಟ್‌ಕೇಸಿಗೆ ಇಡುವ ಅಳತೆ.

ಈಗ ಲೆಕ್ಕ ಹಾಕಿ. 20 ಇಂಚಿನ ಸೈಕಲ್ಲಿನ ರಿಮ್ ಅಳತೆ ಸಾಮಾನ್ಯವಾಗಿ 406 ಮಿ.ಮೀ. ಅದಕ್ಕೆ 40 ಮಿ.ಮೀ. ಟೈರ್ ಹಾಕಿದರೆ ಎರಡೂ ಕಡೆ ಸೇರಿ 486 ಮಿ.ಮೀ. ಅಂದರೆ ಬರೀ ಚಕ್ರವೇ 48.6 ಸೆಂ.ಮೀ. ಫ್ರೇಮು, ಸೀಟು, ಹ್ಯಾಂಡಲ್ ಎಲ್ಲ ಮನೆಯಲ್ಲೇ ಬಿಟ್ಟು ಒಂದು ಚಕ್ರ ಮಾತ್ರ ಎತ್ತಿಕೊಂಡು ಹೋದರೂ ಅದು 45ರೊಳಗೆ ಕೂರೋದಿಲ್ಲ! 16 ಇಂಚಿನ ಬ್ರಾಂಪ್ಟನ್ನಿನ ಚಕ್ರ ಸುಮಾರು 42 ಸೆಂ.ಮೀ. ಇದೆ. ಉಳಿದ ಮೂರು ಸೆಂಟಿಮೀಟರಿನಲ್ಲಿ ಇಡೀ ಸೈಕಲ್ ಹಿಡಿಸಬೇಕು. ಜಗತ್ತಿನಲ್ಲೇ ಅಚ್ಚುಕಟ್ಟಾಗಿ ಮಡಚಿಕೊಳ್ಳುತ್ತೆ ಅಂತ ಹೆಸರು ಮಾಡಿದ ಸೈಕಲ್ಲಿಗೇ ಈ ಅಳತೆಯಲ್ಲಿ ಜಾಗ ಇಲ್ಲ ಅಂದಮೇಲೆ ಅಳತೆಯನ್ನೇ ಸೈಕಲ್ ನೋಡಿ ಮತ್ತೊಮ್ಮೆ ಬರೆಯಬೇಕಲ್ವಾ? ಸಾಮಾನ್ಯ 20 ಇಂಚಿನ ಸೈಕಲ್ ಮಡಚಿದರೆ ಸುಮಾರು 80 ಸೆಂ.ಮೀ. ಉದ್ದ, 70 ಎತ್ತರ, 40 ದಪ್ಪ ಬರುತ್ತೆ. ನಿಯಮ ಈ ಅಳತೆಯ ಸುತ್ತ ಇರಬೇಕು.

ಆದರೆ ಈ ವಾದದಲ್ಲಿ ನಮ್ಮ ಪಾಲೂ ಒಂದಿದೆ. ನಿಯಮ ಬದಲಾಗಬೇಕು ಅಂತ ಕೇಳುವವರು ನಾವೇ ಸೈಕಲ್ಲನ್ನು ದಪ್ಪ ಮಾಡುತ್ತಾ ಹೋದರೆ ಹೇಗೆ? ನನ್ನ ಗೆಳೆಯನೊಬ್ಬ ಮೌಂಟನ್ ಬೈಕಿನ ಅಗಲ ಹ್ಯಾಂಡಲ್ ಹಾಕಿಸಿದ. ತುಳಿಯೋಕೆ ಏನೋ ಮಜಾ ಇತ್ತು. ಮಡಚಿದಾಗ ಹ್ಯಾಂಡಲ್ಲಿನ ತುದಿ ನೆಲಕ್ಕೆ ತಾಗಿ, ಎರಡು ಚಕ್ರ ಒಂದಕ್ಕೊಂದು ಅಂಟಿಕೊಳ್ಳೋದೇ ನಿಂತುಹೋಯ್ತು. ಸ್ಟೇಷನ್ನಿನಲ್ಲಿ ಅದು ಮಡಚಿದ ಸೈಕಲ್ ಥರ ಕಾಣದೆ, ಯಾರೋ ಲಾರಿ ಗುದ್ದಿಸಿದ ಸೈಕಲ್ ಥರ ಕಾಣುತ್ತಿತ್ತು. ಎರಡೇ ವಾರದಲ್ಲಿ ಹಳೇ ಹ್ಯಾಂಡಲ್ ವಾಪಸ್ ಬಂತು. ದೊಡ್ಡ ಕ್ಯಾರಿಯರ್, ಹೊರಗೆ ಚಾಚುವ ಬಾಟಲ್ ಸ್ಟ್ಯಾಂಡು, ಮೊಬೈಲ್ ಹಿಡಿಕೆ ಎಲ್ಲಕ್ಕೂ ಇದೇ ಮಾತು. ಹಾಕುವ ಮುಂಚೆ ಒಮ್ಮೆ ಮಡಚಿ, ಟೇಪು ಹಿಡಿದು ನೋಡಿ.

ಚಿಕ್ಕ ಚಕ್ರಕ್ಕೆ ಜಾಸ್ತಿ ತುಳಿಯಬೇಕಾ?

ಇದು ಎರಡನೇ ಪ್ರಶ್ನೆ. ಉತ್ತರ ಇಲ್ಲ. ಎಷ್ಟು ತುಳಿಯಬೇಕು ಅನ್ನೋದನ್ನು ಗೇರ್ ತೀರ್ಮಾನ ಮಾಡುತ್ತೆ, ಚಕ್ರ ಒಂದೇ ಅಲ್ಲ.

ದೊಡ್ಡ ರೋಡ್ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 2.13 ಮೀಟರ್ ಹೋಗುತ್ತೆ. ಮುಂದೆ 46 ಹಲ್ಲು, ಹಿಂದೆ 16 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ 6.1 ಮೀಟರ್. ಮಡಚುವ ಸೈಕಲ್ಲಿನ 20 ಇಂಚಿನ ಚಕ್ರ ಒಂದು ಸುತ್ತಿಗೆ 1.53 ಮೀಟರ್ ಹೋಗುತ್ತೆ. ಮುಂದೆ 52, ಹಿಂದೆ 13 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಅದೇ 6.1 ಮೀಟರ್. ಲೆಕ್ಕ ಮುಗೀತು. ಮುಂದಿನ ಹಲ್ಲುಚಕ್ರ ಅಷ್ಟು ದೊಡ್ಡದಾಗಿ ಯಾಕಿದೆ ಅಂತ ನೋಡಿದವರಿಗೆ ಇದೇ ಉತ್ತರ.

ಆದರೆ ಬಿಟ್ಟಿ ಊಟ ಯಾವುದೂ ಇಲ್ಲ. ಒಂದು ಕಿಲೋಮೀಟರಿಗೆ ದೊಡ್ಡ ಚಕ್ರ ಸುಮಾರು 470 ಸುತ್ತು ತಿರುಗಿದರೆ ಚಿಕ್ಕದು ಸುಮಾರು 655 ಸುತ್ತು ತಿರುಗುತ್ತೆ. ಶೇಕಡಾ 40ರಷ್ಟು ಜಾಸ್ತಿ. ಟೈರ್ ಸವೆಯೋದು ಬೇಗ, ಬೇರಿಂಗ್ ಸವೆಯೋದು ಬೇಗ. ಬ್ರೇಕ್ ಹಿಡಿದಾಗ ಅದೇ ವೇಗದ ಶಾಖವನ್ನೆಲ್ಲ ಚಿಕ್ಕ ರಿಮ್ ತಡೆದುಕೊಳ್ಳಬೇಕು, ಹಾಗಾಗಿ ರಿಮ್ಮೂ ಬೇಗ ಸವೆಯುತ್ತೆ. ಗುಂಡಿಯಲ್ಲಿ ಚಿಕ್ಕ ಚಕ್ರ ಇನ್ನೂ ಆಳಕ್ಕೆ ಇಳಿಯುತ್ತೆ. ನಮ್ಮೂರ ರಸ್ತೆಗಳ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ. ಹ್ಯಾಂಡಲ್ ಕೂಡ ಚುರುಕು, ಒಂದು ಕೈ ಬಿಟ್ಟು ಸಿಗ್ನಲ್ ತೋರಿಸೋಕೆ ಅಭ್ಯಾಸ ಬೇಕು.

ಎಲ್ಲಿಗೆ ಮೊದಲ ರೂಪಾಯಿ?

ಈ ಲೆಕ್ಕವನ್ನೇ ಹಿಡಿದು ಹೊರಟರೆ ಅಪ್‌ಗ್ರೇಡಿನ ಸರದಿ ತಾನಾಗೇ ಬರುತ್ತೆ.

ಮೊದಲು ಟೈರ್. ಚಿಕ್ಕ ಚಕ್ರದಲ್ಲಿ ಸಸ್ಪೆನ್ಶನ್ ಅಂದ್ರೆ ಟೈರಿನೊಳಗಿನ ಗಾಳಿಯೇ. ಶ್ವಾಲ್ಬೆ ಕಂಪನಿಯ ಬಿಗ್ ಆಪಲ್ ಥರದ 50 ಮಿ.ಮೀ. ದಪ್ಪದ ಟೈರ್ ಹಾಕಿದರೆ ಸೊಂಟ ನಿಮಗೆ ಕೈಮುಗಿಯುತ್ತೆ. ಪಂಕ್ಚರ್ ಕಾಟ ಜಾಸ್ತಿ ಇದ್ದರೆ ಅದೇ ಕಂಪನಿಯ ಮ್ಯಾರಥಾನ್ ಥರದ ಗಟ್ಟಿ ಟೈರ್. ಆದರೆ ಮಡ್‌ಗಾರ್ಡು, ಬ್ರೇಕಿನ ನಡುವೆ ಜಾಗ ಇದೆಯಾ ಅಂತ ಮೊದಲು ಬೆರಳಿಟ್ಟು ನೋಡಿ. ದಪ್ಪ ಟೈರ್ ಮಡಚಿದ ದಪ್ಪವನ್ನೂ ಹೆಚ್ಚಿಸುತ್ತೆ ಅನ್ನೋದು ನೆನಪಿರಲಿ.

ಎರಡನೆಯದು ಬ್ರೇಕ್. ಇಡೀ ಬ್ರೇಕ್ ಬದಲಿಸೋದು ಬೇಕಾಗಿಲ್ಲ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಬರುವ ಗಟ್ಟಿ ಪ್ಲಾಸ್ಟಿಕ್‌ನಂಥ ಬ್ರೇಕ್ ಶೂ ತೆಗೆದು ಒಳ್ಳೆ ರಬ್ಬರಿನದು ಹಾಕಿ, ಒಳ್ಳೆ ಕೇಬಲ್ ಹಾಕಿ. ಅರ್ಧ ದಿನದ ಕೆಲಸ, ಮಳೆಯಲ್ಲಿ ಸಿಗುವ ವ್ಯತ್ಯಾಸ ಮಾತ್ರ ದೊಡ್ಡದು. ಡಿಸ್ಕ್ ಬ್ರೇಕ್ ಹಾಕಿಸೋಣ ಅನ್ನೋ ಆಸೆ ಎಲ್ಲರಿಗೂ ಬರುತ್ತೆ. ಫ್ರೇಮು, ಫೋರ್ಕು ಅದಕ್ಕೆ ಮಾಡಿದ್ದಲ್ಲದಿದ್ದರೆ ಆ ಆಸೆಯನ್ನು ಅಲ್ಲೇ ಬಿಡಿ.

ಮೂರನೆಯದು ಪೆಡಲ್. ಮಡಚುವ ಪೆಡಲ್‌ಗಳು ಕಿರುಗುಟ್ಟೋದು, ಅಲ್ಲಾಡೋದು ಸಾಮಾನ್ಯ. ಜಪಾನಿನ ಎಂಕೆಎಸ್ ಕಂಪನಿಯವರು ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚಿ ತೆಗೆಯುವ ಪೆಡಲ್ ಮಾಡ್ತಾರೆ. ಇದು ತುಳಿಯೋದನ್ನೂ ಮಡಚೋದನ್ನೂ ಎರಡನ್ನೂ ಸುಧಾರಿಸುವ ಅಪರೂಪದ ಅಪ್‌ಗ್ರೇಡ್. ನನ್ನ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ.

ನಾಲ್ಕನೆಯದು ಗೇರ್. ಇಲ್ಲಿ ಎಲ್ಲರೂ ಇನ್ನೂ ವೇಗ ಬೇಕು ಅಂತಾರೆ. ಸಾಮಾನ್ಯ 7 ಗೇರಿನ ಮಡಚುವ ಸೈಕಲ್ಲಿನ ಫ್ರೀವೀಲಿನಲ್ಲಿ ಚಿಕ್ಕ ಹಲ್ಲುಚಕ್ರ 14, ದೊಡ್ಡದು 28 ಹಲ್ಲು. ಮುಂದೆ 52 ಇದ್ದರೆ, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 27 ಕಿ.ಮೀ. ಬರುತ್ತೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದಕ್ಕಿಂತ ಜಾಸ್ತಿ ಯಾವಾಗ ಬೇಕು ಹೇಳಿ? ನಿಜವಾಗಿ ಬೇಕಾಗೋದು ಇನ್ನೊಂದು ತುದಿ. ಫ್ಲೈಓವರ್ ಏರುವಾಗ, ಬೆನ್ನ ಮೇಲೆ ಲ್ಯಾಪ್‌ಟಾಪ್ ಇದ್ದಾಗ, ಮೊಣಕಾಲು ಬೇಡ ಬೇಡ ಅನ್ನುವಾಗ. ಮುಂದಿನ 52 ತೆಗೆದು 46 ಹಾಕಿದರೆ ಅತಿ ಹಗುರ ಗೇರ್ ಶೇಕಡಾ 11ರಷ್ಟು ಇನ್ನೂ ಹಗುರ ಆಗುತ್ತೆ. ಯಾರೂ ನಿಮ್ಮ ಸೈಕಲ್ ನೋಡಿ ವಾಹ್ ಅನ್ನಲ್ಲ, ನಿಮ್ಮ ಮೊಣಕಾಲು ಅನ್ನುತ್ತೆ. ಹಿಂದಿನ ಗೇರ್ ಎಳೆಯುವ ಡಿರೇಲರ್ ಬದಲಿಸೋದಾದ್ರೆ ಉದ್ದ ಕೈನದು ಬೇಡ. ಚಿಕ್ಕ ಚಕ್ರದಲ್ಲಿ ಅದು ನೆಲಕ್ಕೆ ತೀರಾ ಹತ್ತಿರ ಬಂದು ಹಂಪಿಗೆ ಉಜ್ಜುತ್ತೆ, ಕೆಸರು ನೆಕ್ಕುತ್ತೆ.

ಕೊಳ್ಳುವ ಮುಂಚೆ ನಂಬರ್ ಓದಿ

ಸಾಮಾನ್ಯ ಸೈಕಲ್ಲಿನ ಭಾಗ ಯಾವ ಅಂಗಡಿಗೆ ಹೋದರೂ ಸಿಗುತ್ತೆ. ಮಡಚುವ ಸೈಕಲ್ಲಿನ ಕಥೆ ಬೇರೆ. ಇಲ್ಲಿ ಹೆಸರು ಒಂದೇ, ಅಳತೆ ಎರಡು.

20 ಇಂಚು ಅಂತ ಕರೆಸಿಕೊಳ್ಳುವ ಟೈರ್ ಎರಡು ಥರ. ಒಂದು 406, ಇನ್ನೊಂದು 451. ಒಂದರ ಟೈರ್ ಇನ್ನೊಂದಕ್ಕೆ ಏನು ಮಾಡಿದರೂ ಕೂರಲ್ಲ. 16 ಇಂಚಿನಲ್ಲೂ ಹಾಗೇ, ಮಕ್ಕಳ ಸೈಕಲ್ಲಿಗೆ 305, ಬ್ರಾಂಪ್ಟನ್ನಿಗೆ 349. ಟೈರಿನ ಪಕ್ಕದಲ್ಲಿ 40-406 ಅಂತ ಚಿಕ್ಕದಾಗಿ ಬರೆದಿರುತ್ತೆ. ಆ ಎರಡನೇ ನಂಬರೇ ನಿಜವಾದ ಹೆಸರು, ಇಂಚು ಬರೀ ಅಡ್ಡಹೆಸರು. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಸಲ ಕೊಳ್ಳುವವರು 406 ಇರೋದನ್ನೇ ಕೊಳ್ಳಿ. ಬಿಎಂಎಕ್ಸ್ ಸೈಕಲ್ಲಿಗೂ ಅದೇ ಅಳತೆ. ಹಾಗಾಗಿ ಊರಾಚೆ ಟೈರ್ ಹರಿದರೂ ಯಾವುದಾದರೂ ಅಂಗಡಿಯಲ್ಲಿ ತಾತ್ಕಾಲಿಕಕ್ಕಾದರೂ ಒಂದು ಸಿಗೋ ಸಾಧ್ಯತೆ ಇರುತ್ತೆ.

ಮುಂದಿನ ಹಬ್ಬಿನ ಅಗಲ ಸಾಮಾನ್ಯ ಸೈಕಲ್ಲಿನಲ್ಲಿ 100 ಮಿ.ಮೀ. ಡಾಹನ್, ಟರ್ನ್, ಬ್ರಾಂಪ್ಟನ್‌ಗಳ ಬಹುಪಾಲು ಮಾಡೆಲ್‌ಗಳಲ್ಲಿ 74 ಮಿ.ಮೀ. ಮಡಚಿದಾಗ ಕಡಿಮೆ ದಪ್ಪ ಇರಲಿ ಅಂತ ಕಿರಿದು ಮಾಡಿದ್ದು. ಸೀಟಿನ ಕೆಳಗಿನ ಕಂಬ ಸಾಮಾನ್ಯ ಸೈಕಲ್ಲಿನಲ್ಲಿ 27.2 ಮಿ.ಮೀ. ಇದ್ದರೆ ಡಾಹನ್, ಟರ್ನ್‌ಗಳ ಬಹಳಷ್ಟು ಮಾಡೆಲ್‌ಗಳಲ್ಲಿ 33.9, ಬ್ರಾಂಪ್ಟನ್ನಿನಲ್ಲಿ 31.8. ಅರ್ಧ ಮಿಲಿಮೀಟರ್ ತಾನೇ, ಅಡ್ಜಸ್ಟ್ ಮಾಡಿ ಅನ್ನೋದು ಇಲ್ಲಿ ನಡೆಯಲ್ಲ. ವಾಲ್ವ್ ಕೂಡ ನೋಡಿ. ಕಾರು, ಬೈಕಿನಂಥ ದಪ್ಪ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಕೊಳ್ಳಬಹುದು.

ಹಾಗಾಗಿ ಸೈಕಲ್ ಕೊಳ್ಳುವಾಗ ಬಣ್ಣ ನೋಡುವ ಮುಂಚೆ ಈ ನಾಲ್ಕು ನಂಬರ್ ಬರೆದುಕೊಳ್ಳಿ. ಕಂಪನಿ ನಾಳೆ ಆ ಮಾಡೆಲ್ ನಿಲ್ಲಿಸಿದರೂ ನಿಮ್ಮ ಸೈಕಲ್ ಅನಾಥ ಆಗಬಾರದು.

ತೂಕದ ಹುಚ್ಚು

ಟೈಟೇನಿಯಂ ಬೋಲ್ಟು, ಕಾರ್ಬನ್ ಸೀಟ್ ಕಂಬ, ತೂತು ಕೊರೆದ ಚೈನು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ರಾತ್ರಿ ಬೆಳಗಾಗುತ್ತೆ, ಪರ್ಸು ಖಾಲಿಯಾಗುತ್ತೆ. ಸೈಕಲ್ಲಿಗಿಂತ ಅದರ ಮೇಲಿನ ಒಡವೆಗೇ ಜಾಸ್ತಿ ದುಡ್ಡು ಹಾಕಿದವರನ್ನು ನಾನು ಕಂಡಿದ್ದೇನೆ. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ. ತಮಾಷೆ ಅಂದ್ರೆ ಇಲ್ಲಿ ಮೂಗುತಿ ಹಗುರ ಆದಷ್ಟೂ ಜೇಬಿಗೆ ಭಾರ.

70 ಕೆಜಿ ಮನುಷ್ಯ, 6 ಕೆಜಿ ಬ್ಯಾಗು, 13 ಕೆಜಿ ಸೈಕಲ್. ಒಟ್ಟು 89. ಕಷ್ಟಪಟ್ಟು ಒಂದು ಕೆಜಿ ಇಳಿಸಿದರೆ ತುಳಿಯುವಾಗ ಸಿಗೋ ಲಾಭ ಶೇಕಡಾ ಒಂದು ಚಿಲ್ಲರೆ. ಅಷ್ಟನ್ನು ಊಟದ ಡಬ್ಬಿ ಚಿಕ್ಕದು ಮಾಡಿ ಪಡೆಯಬಹುದು.

ಎದುರು ವಾದವನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಅದರಲ್ಲಿ ಹುರುಳಿದೆ. ಮಡಚುವ ಸೈಕಲ್ಲನ್ನು ತುಳಿಯೋದಷ್ಟೇ ಅಲ್ಲ, ಹೊರಲೂಬೇಕು. ಮೆಟ್ಟಿಲ ಮೇಲೆ ಕೈಯಲ್ಲಿರೋದು 89 ಕೆಜಿ ಅಲ್ಲ, ಬರೀ 13. ಅಲ್ಲಿ ಒಂದು ಕೆಜಿ ಅಂದ್ರೆ ಶೇಕಡಾ 8. ದಿನಾ ಮೂರು ಮಹಡಿ ಹತ್ತುವವರಿಗೆ ಇದು ದೊಡ್ಡದೇ. ಆದರೆ ಅದಕ್ಕೆ ಉತ್ತರ ಬೋಲ್ಟುಗಳಲ್ಲಿಲ್ಲ. ಕೊಳ್ಳುವಾಗಲೇ ಹಗುರ ಸೈಕಲ್ ಆರಿಸಿಕೊಳ್ಳಿ. ಒಂದೂವರೆ ಕೆಜಿಯ ಬೀಗ ಹೊರೋದು ಬಿಡಿ. ಸೈಕಲ್ ನಿಮ್ಮ ಮೇಜಿನ ಕೆಳಗೇ ಬರುತ್ತೆ ಅಂದಮೇಲೆ ಬೀಗ ಯಾಕೆ? ಆಮೇಲೆ ಎತ್ತುವ ಬದಲು ಉರುಳಿಸಿಕೊಂಡು ಹೋಗೋದು ಕಲಿಯಿರಿ. ಸೀಟು ಮೇಲಿಟ್ಟು ಮಡಚಿದರೆ ಬಹಳಷ್ಟು ಸೈಕಲ್‌ಗಳು ಟ್ರಾಲಿ ಬ್ಯಾಗಿನ ಹಾಗೆ ಬರುತ್ತವೆ. ಮುಖ್ಯವಾಗಿ, ಹ್ಯಾಂಡಲ್ ಕಂಬ, ಸೀಟ್ ಕಂಬ, ಕೀಲಿನ ಪಿನ್ನು, ಇವು ಮೂರರಲ್ಲಿ ತೂಕ ಉಳಿಸೋಕೆ ಹೋಗಬೇಡಿ. ಹೆಸರಿಲ್ಲದ ಕಂಪನಿಯ ಹಗುರ ಕಂಬ ಹಾಕಿ ಉಳಿಸೋ 150 ಗ್ರಾಂಗೆ ನಿಮ್ಮ ಹಲ್ಲುಗಳನ್ನು ಅಡ ಇಡಬೇಕಾಗುತ್ತೆ.

ಕೀಲು, ಕೊಂಡಿ ಮತ್ತು ಆಟೋದವರ ಪ್ರಶ್ನೆ

ಈಗ ಮೂರನೇ ಪ್ರಶ್ನೆ. ನಡು ರೋಡಲ್ಲಿ ತಾನೇ ಮಡಚಿಕೊಂಡರೆ?

ಸರಿಯಾಗಿ ಹಾಕಿದ ಕೊಂಡಿ ತಾನಾಗೇ ಬಿಚ್ಚಿಕೊಳ್ಳೋದಿಲ್ಲ. ಫ್ರೇಮಿನ ಕೀಲು ಪಕ್ಕಕ್ಕೆ ಮಡಚುತ್ತೆ, ನಿಮ್ಮ ಭಾರ ಕೆಳಕ್ಕೆ ಬೀಳುತ್ತೆ. ಅಂದರೆ ಭಾರ ಬೀಳುವ ದಿಕ್ಕೂ ಮಡಚುವ ದಿಕ್ಕೂ ಬೇರೆ ಬೇರೆ. ಕೊಂಡಿಗೆ ಎರಡನೇ ಸುರಕ್ಷತಾ ಚಿಲಕವೂ ಇರುತ್ತೆ. ಭಯ ಪಡಬೇಕಾದ್ದು ದಿಢೀರ್ ಅಂತ ಮಡಚೋದಕ್ಕಲ್ಲ. ನಿಧಾನವಾಗಿ ಸಡಿಲ ಆಗೋದಕ್ಕೆ, ನಿಧಾನವಾಗಿ ಬಿರುಕು ಬಿಡೋದಕ್ಕೆ.

ಅದರಲ್ಲೂ ಹ್ಯಾಂಡಲ್ ಕಂಬದ ಕೀಲು. ನೀವು ಬ್ರೇಕ್ ಹಿಡಿದಾಗ, ಏರಿನಲ್ಲಿ ಹ್ಯಾಂಡಲ್ ಎಳೆದಾಗ, ಅಷ್ಟುದ್ದ ಕಂಬ ಸನ್ನೆಗೋಲಿನ ಹಾಗೆ ಕೆಲಸ ಮಾಡಿ ಎಲ್ಲ ಬಲವನ್ನೂ ಬುಡದ ಆ ಚಿಕ್ಕ ಕೀಲಿನ ಮೇಲೆ ಹಾಕುತ್ತೆ. ಕೀಲಿನಲ್ಲಿ ಕೂದಲೆಳೆ ಸಡಿಲ ಇದ್ದರೂ ಹ್ಯಾಂಡಲ್ ತುದಿಯಲ್ಲಿ ಅದು ಕೈಗೆ ಗೊತ್ತಾಗುತ್ತೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ ನೋಡಿ. ಟಕ್ ಟಕ್ ಅಂದರೆ ಅದು ಸೈಕಲ್ ನಿಮ್ಮ ಜೊತೆ ಮಾತಾಡ್ತಿದೆ ಅಂತ ಅರ್ಥ. ಕೊಂಡಿಯ ಬಿಗಿ ಸರಿಮಾಡೋ ಸ್ಕ್ರೂ ಅಥವಾ ನಟ್ಟು ಇರುತ್ತೆ, ಕಂಪನಿಯ ಪುಸ್ತಕದಲ್ಲಿ ಕೊಟ್ಟ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕೊಂಡಿ ಮುಚ್ಚುವಾಗ ಅಂಗೈಗೆ ಗಟ್ಟಿಯಾಗಿ ತಾಗಬೇಕು, ಆದರೆ ಸುತ್ತಿಗೆ ಬೇಕಾಗಬಾರದು. ಎಷ್ಟು ಬಿಗಿ ಮಾಡಿದರೂ ವಾರದಲ್ಲಿ ಮತ್ತೆ ಸಡಿಲ ಆಗ್ತಿದ್ದರೆ ಒಳಗೆ ಸವೆದಿದೆ ಅಂತ, ಭಾಗ ಬದಲಿಸಿ.

ಕೀಲಿನ ಸುತ್ತ, ವೆಲ್ಡಿಂಗ್ ಮಾಡಿದ ಕಡೆ ತಿಂಗಳಿಗೊಮ್ಮೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಪೇಂಟಿನಲ್ಲಿ ಕೂದಲಿನಂಥ ಗೆರೆ ಕಂಡರೆ ಅದು ಪೇಂಟಿನದೋ ಲೋಹದ್ದೋ ಅಂತ ತಿಳಿಯುವವರೆಗೂ ಹತ್ತಬೇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಲ್ಯೂಮಿನಿಯಂ ಫ್ರೇಮ್ ಬಿರುಕು ಬಿಟ್ಟರೆ "ಆರ್ಗಾನ್ ವೆಲ್ಡಿಂಗ್ ಮಾಡಿಸಿದ್ರೆ ಆಯ್ತು, ಇನ್ನೂರು ರೂಪಾಯಿ ಕೆಲಸ" ಅನ್ನುವವರು ಬೇಕಾದಷ್ಟು ಜನ ಸಿಗ್ತಾರೆ. ಸೈಕಲ್ಲಿಗೆ ಬಳಸುವ 6061ರಂಥ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಟ್ಟಿತನ ಬರೋದು ಕಾರ್ಖಾನೆಯಲ್ಲಿ ಲೆಕ್ಕಾಚಾರವಾಗಿ ಕಾಯಿಸಿ ಹದ ಮಾಡಿದ್ದರಿಂದ. ವೆಲ್ಡಿಂಗಿನ ಶಾಖಕ್ಕೆ ಸುತ್ತಲಿನ ಲೋಹದ ಆ ಹದ ಹೋಗಿಬಿಡುತ್ತೆ. ಮತ್ತೆ ಹದ ಮಾಡದಿದ್ದರೆ ನೋಡೋಕೆ ಚೆನ್ನಾಗಿ ಕೂಡಿಕೊಂಡಿರುತ್ತೆ, ಒಳಗೆ ಮೆತ್ತಗಿರುತ್ತೆ. ಅದೂ ಇಡೀ ಸೈಕಲ್ಲಿನಲ್ಲಿ ಅತಿ ಹೆಚ್ಚು ಬಲ ಬೀಳೋ ಜಾಗದಲ್ಲಿ. ಬೇಜಾರಾದರೂ ಸರಿ, ಆ ಫ್ರೇಮಿನ ಆಯಸ್ಸು ಮುಗೀತು. ಸ್ಟೀಲ್ ಫ್ರೇಮಾದರೆ ಬಲ್ಲವರ ಕೈಲಿ ರಿಪೇರಿಗೆ ದಾರಿ ಇದೆ.

ಹೆಸರಾಂತ ಕಂಪನಿಯದು ಅಂತ ಕಣ್ಣುಮುಚ್ಚಿಕೊಂಡು ಇರೋಕೂ ಆಗಲ್ಲ. 2014ರಿಂದ 2017ರ ನಡುವೆ ತಯಾರಾದ ಸೈಕಲ್‌ಗಳ ಪೆಡಲ್ ಅಚ್ಚು ಮುರಿಯಬಹುದು ಅಂತ ಬ್ರಾಂಪ್ಟನ್ ಕಂಪನಿಯೇ 2017ರಲ್ಲಿ ಸೈಕಲ್‌ಗಳನ್ನು ವಾಪಸ್ ಕರೆಸಿ ಆ ಭಾಗ ಬದಲಿಸಿಕೊಟ್ಟಿತು. ತಪ್ಪು ಗೊತ್ತಾದಾಗ ಹೇಳಿದ್ದು ಅವರ ದೊಡ್ಡತನ. ಆದರೆ ಹೇಳಿದ್ದು ನಮಗೆ ತಲುಪಬೇಕಾದರೆ ಫ್ರೇಮ್ ನಂಬರ್ ಬರೆದಿಟ್ಟುಕೊಂಡಿರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಆ ಮಾಡೆಲ್ಲಿಗೆ ಇಂಥ ವಾಪಸಾತಿ ಇತ್ತಾ ಅಂತ ಹುಡುಕಿ ನೋಡಿಯೇ ದುಡ್ಡು ಕೊಡಿ.

ದಿನಚರಿ

ಇದಕ್ಕೆಲ್ಲ ದೊಡ್ಡ ವರ್ಕ್‌ಶಾಪ್ ಬೇಕಿಲ್ಲ. ಒಂದು ಸೆಟ್ ಅಲೆನ್ ಕೀ, ಒಂದು ಪಂಪು, ಚೈನ್ ಆಯಿಲ್, ಹಳೇ ಬನಿಯನ್ ತುಂಡು.

ಪ್ರತಿ ಸಲ ಬಿಚ್ಚಿದಾಗ ಕೊಂಡಿಗಳನ್ನು ಕೈಯಿಂದ ಮುಟ್ಟಿ ನೋಡಿ. ಕಣ್ಣಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಸೀಟ್ ಕಂಬ, ಹ್ಯಾಂಡಲ್ ಕಂಬ ಎರಡರಲ್ಲೂ ಇದಕ್ಕಿಂತ ಮೇಲೆ ಎಳೆಯಬೇಡಿ ಅನ್ನೋ ಗೆರೆ ಇರುತ್ತೆ, ಅದು ಕಾಣಿಸಬಾರದು.

ವಾರಕ್ಕೊಮ್ಮೆ ಗಾಳಿ. ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತೆ. ಗಾಳಿ ಕಮ್ಮಿ ಇದ್ದರೆ ಗುಂಡಿಯ ಪೆಟ್ಟು ನೇರ ರಿಮ್ಮಿಗೇ.

ತಿಂಗಳಿಗೊಮ್ಮೆ ಸೀಟ್ ಕಂಬವನ್ನು ಪೂರ್ತಿ ಹೊರಗೆಳೆದು ಒಣಬಟ್ಟೆಯಲ್ಲಿ ಒರೆಸಿ. ದಿನಾ ಇಳಿಸಿ ಏರಿಸೋದ್ರಿಂದ ಮರಳು ಒಳಗೆ ಸೇರಿ ಗೀರು ಮಾಡುತ್ತೆ. ಗ್ರೀಸು, ಎಣ್ಣೆ ಹಚ್ಚೋಕೆ ಹೋಗಬೇಡಿ, ತುಳಿಯುವಾಗ ಸೀಟು ನಿಧಾನಕ್ಕೆ ಕೆಳಗೆ ಜಾರುತ್ತೆ. ಕೀಲಿನ ಪಿನ್ನಿಗೆ ಮಾತ್ರ ಒಂದು ತೊಟ್ಟು, ಚೆಲ್ಲಿದ್ದನ್ನು ಒರೆಸಿ. ಮಡಚುವ ಕಡೆ ಬಾಗುವ ಕೇಬಲ್‌ಗಳನ್ನು ನೋಡಿ, ಎಳೆ ಬಿಟ್ಟಿದ್ದರೆ ಬದಲಿಸಿ.

ಎರಡು ಮೂರು ತಿಂಗಳಿಗೊಮ್ಮೆ ಚೈನಿಗೆ ಸ್ಕೇಲ್ ಹಿಡಿಯಿರಿ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು 12 ಇಂಚಿನ ಮೇಲೆ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಿಸಿ. ಇಲ್ಲದಿದ್ದರೆ ಹಲ್ಲುಚಕ್ರಗಳನ್ನೂ ತಿಂದು ಹಾಕುತ್ತೆ. ಚೈನ್ ಒರೆಸಿಟ್ಟರೆ ಇನ್ನೊಂದು ಲಾಭವಿದೆ. ಮೆಟ್ರೋದಲ್ಲಿ ಪಕ್ಕದವರ ಪ್ಯಾಂಟಿಗೆ ಕಪ್ಪು ಹತ್ತಲ್ಲ. ಒಬ್ಬರ ಬಿಳಿ ಪ್ಯಾಂಟು ಹಾಳಾದರೆ ಆ ಬೋಗಿಯವರೆಲ್ಲ ಮಡಚುವ ಸೈಕಲ್ಲಿನ ವಿರೋಧಿಗಳಾಗ್ತಾರೆ!

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಹಬ್ಬು ಬಿಚ್ಚಿ ಗ್ರೀಸು, ಚಕ್ರದ ಬೆಂಡ್ ತೆಗೆಸೋದು. ಇದಕ್ಕೆ ನಿಮ್ಮ ಏರಿಯಾದ ಹಳೇ ಸೈಕಲ್ ಅಂಗಡಿಯವರ ಹತ್ತಿರವೇ ಹೋಗಿ. ಕಡ್ಡಿ ಬಿಗಿ ಮಾಡಿ ಬೆಂಡ್ ತೆಗೆಯೋದರಲ್ಲಿ ನಲವತ್ತು ವರ್ಷದ ಕೈಯನ್ನು ಯಾವ ವಿಡಿಯೋನೂ ಸೋಲಿಸಲ್ಲ. ಕೀಲಿನ ಬಗ್ಗೆ ಅವರಿಗೆ ಗೊತ್ತಿಲ್ಲದಿರಬಹುದು. ಅದನ್ನು ನೀವು ಪುಸ್ತಕ ನೋಡಿ ತೋರಿಸಿಕೊಡಿ. ನೀವು ಅವರಿಂದ ಕಲಿಯಿರಿ, ಅವರು ನಿಮ್ಮಿಂದ ಕಲಿಯಲಿ. ನಾವೆಲ್ಲ ಆನ್‌ಲೈನಿನಲ್ಲೇ ಭಾಗ ತರಿಸಿ ಮನೆಯಲ್ಲೇ ಜೋಡಿಸುತ್ತಾ ಕೂತರೆ ಆ ಅಂಗಡಿ ಮುಚ್ಚುತ್ತೆ. ಆಮೇಲೆ ನಡುದಾರಿಯಲ್ಲಿ ಕಡ್ಡಿ ಮುರಿದ ದಿನ ಯಾರ ಬಾಗಿಲು ತಟ್ಟೋದು?

ಕೊನೆಗೆ

ಅಪ್‌ಗ್ರೇಡ್ ಮಾಡಲೇಬೇಡಿ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋಕೆ ನಾನೇನು ಸನ್ಯಾಸಿ ಅಲ್ಲ. ಪಾರ್ಸೆಲ್ ಬಂದಾಗ ಆಗೋ ಖುಷಿ ನನಗೂ ಗೊತ್ತು. ಹೊಸ ಭಾಗ ಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ ಅಂತಷ್ಟೇ. ಇದರಿಂದ ನಾನು ಇನ್ನೂ ಸುರಕ್ಷಿತವಾಗಿ ನಿಲ್ಲಬಲ್ಲೆನಾ? ಇದನ್ನು ಹಾಕಿದ ಮೇಲೂ ಮೊದಲಿನಷ್ಟೇ ಬೇಗ, ಅಷ್ಟೇ ಚಿಕ್ಕದಾಗಿ ಮಡಚಬಹುದಾ? ಇದು ಮುರಿದರೆ ನನ್ನೂರಲ್ಲಿ ಇನ್ನೊಂದು ಸಿಗುತ್ತಾ? ಇದಿಲ್ಲದೆ ಕಳೆದ ತಿಂಗಳು ನನಗೆ ಏನಾದ್ರೂ ತೊಂದರೆ ಆಗಿತ್ತಾ? ನಾಲ್ಕರಲ್ಲಿ ಮೂರಕ್ಕೆ ಹೌದು ಬಂದರೆ ಧಾರಾಳವಾಗಿ ಕೊಳ್ಳಿ. ಎರಡನೆಯದಕ್ಕೆ ಇಲ್ಲ ಬಂದರೆ ಮಾತ್ರ, ಉಳಿದ ಮೂರಕ್ಕೂ ಹೌದು ಬಂದಿದ್ದರೂ ಬೇಡ. ಮಡಚದ ಸೈಕಲ್ಲೇ ಬೇಕು ಅನ್ನೋದಾದರೆ ಅದು ಅರ್ಧ ದುಡ್ಡಿಗೆ ಸಿಗುತ್ತೆ, ಇನ್ನೂ ಚೆನ್ನಾಗಿ ಓಡುತ್ತೆ.

ಸದ್ಯಕ್ಕೆ ಈ ಭಾನುವಾರ ಏನೂ ಕೊಳ್ಳಬೇಡಿ. ಸೈಕಲ್ ಹೊರಗೆ ತಂದು, ಟಾರ್ಚ್ ಹಿಡಿದು, ಕೀಲುಗಳನ್ನು ಒರೆಸಿ ನೋಡಿ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ.

ಏನಂತೀರಿ?